ಹೊಲ ಮಾರಬೇಡಿ: ರಕ್ತ ನಿಲ್ಲದ ಕಾಯಿಲೆ ಮತ್ತು ಚರ್ಮದ ಚಿಕಿತ್ಸೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿ ಬರೆದುಕೊಟ್ಟಿದ್ದೇನೆ.)



ಸಂಘಟಕರು ನನಗೆ ಕೊಟ್ಟ ವಿಷಯ ‘ವೈದ್ಯಕೀಯ ವಿಜ್ಞಾನದ ಹೊಸ ಬೆಳವಣಿಗೆಗಳು’ ಎಂದು. ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ರಕ್ತನಿಧಿಯ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ಹಿಡಿದು ಕೂತವನು. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ನಿಲುಕುವುದಿಲ್ಲ. ಅದರ ಬದಲು ಕಳೆದ ದೀಪಾವಳಿಯಲ್ಲಿ ಫೋನಿನಲ್ಲಿ ನನಗೆ ಬಂದ ಒಂದೇ ಒಂದು ಪ್ರಶ್ನೆಗೆ ಇಲ್ಲಿ ಉತ್ತರ ಹೇಳುತ್ತೇನೆ. ಪ್ರಶ್ನೆ ನಮ್ಮ ಭಾಗದ್ದೇ, ಕೇಳಿದವರೂ ನಮ್ಮವರೇ.

‘ಸರ್, ಚರ್ಮದಿಂದ ಹಿಮೊಫಿಲಿಯಾ ಗುಣಾ ಮಾಡ್ತಾರಂತ ಮೊಬೈಲ್‌ದಾಗ ಬಂದೈತ್ರಿ. ಚರ್ಮ ತಗದು, ಅದರಾಗ ಜೀನ್ ಹಾಕಿ, ತಿರುಗಿ ಹಚ್ಚತಾರಂತ. ಹದಿನೆಂಟು ಲಕ್ಷ ಆಗ್ತೈತಿ ಅಂದ್ರು. ಎರಡ ಎಕರೆ ಕಬ್ಬಿನ ಹೊಲಾ ಐತಿ. ಮಾರ್ಲೇನ್ರಿ?’

ಕೇಳಿದ ಆ ತಂದೆಯ ಹೆಸರು ಹೇಳುವುದಿಲ್ಲ. ಅವರಿಗೂ ನನಗೂ ಇರುವ ಸಂಬಂಧ ಹೇಳಬೇಕು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ಇದೇ ಶಾಲೆಯ ಎಂಟನೆಯ ತರಗತಿಗೆ.

ನನ್ನ ಬೆಂಚಿನಲ್ಲಿ ಒಬ್ಬ ಗೆಳೆಯನಿದ್ದ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ತಿಂಗಳಿಗೊಮ್ಮೆಯಾದರೂ ಅವನ ಮೊಣಕಾಲು ಬಾತು ಕುಂಬಳಕಾಯಿಯಂತಾಗುತ್ತಿತ್ತು. ಬಿದ್ದಿರುತ್ತಿರಲಿಲ್ಲ, ಪೆಟ್ಟೂ ಆಗಿರುತ್ತಿರಲಿಲ್ಲ. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಬಾತಿರುತ್ತಿತ್ತು. ಮನೆಯವರು ಸುಣ್ಣ ಅರಿಶಿಣ ಹಚ್ಚಿದರು, ಎಣ್ಣೆ ಕಾಸಿ ತಿಕ್ಕಿಸಿದರು, ಕಡೆಗೆ ಬರೆಯನ್ನೂ ಹಾಕಿಸಿದರು. ತಿಕ್ಕಿದಷ್ಟೂ ಬಾವು ಹೆಚ್ಚಾಯಿತು. ಕಬಡ್ಡಿ ಆಡುವಾಗ ಅವನು ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತು ನಮ್ಮ ಅಂಕ ಬರೆಯುತ್ತಿದ್ದ. ಮುಟ್ಟಿದರೆ ಮುರಿಯುವವನು ಎಂದು ಅವನಿಗೆ ನಾವು ‘ಗಾಜಿನ ಬಳಿ’ ಎಂದು ಅಡ್ಡಹೆಸರಿಟ್ಟಿದ್ದೆವು. ನಾವು ಎಂದೆ, ಅದು ಸುಳ್ಳು. ಇಟ್ಟವನು ನಾನೇ.

ಎಸ್‌ಎಸ್‌ಎಲ್‌ಸಿ ಆಗಿ ಮೂರು ವರ್ಷಕ್ಕೆ ಅವನು ಒಂದು ಹಲ್ಲು ಕೀಳಿಸಿಕೊಂಡ. ರಕ್ತ ನಿಲ್ಲಲಿಲ್ಲ. ಅರಿವೆ ಒತ್ತಿಕೊಂಡು ಮೂರು ದಿನ ಮನೆಯಲ್ಲೇ ಇದ್ದ. ನಾಲ್ಕನೆಯ ದಿನ ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲಿ ತೀರಿಕೊಂಡ. ನಾನು ಆಗ ಲ್ಯಾಬ್ ತರಬೇತಿಯ ಮೊದಲ ವರ್ಷದಲ್ಲಿದ್ದೆ. ಎರಡನೆಯ ವರ್ಷದ ಪಾಠದಲ್ಲಿ ಹಿಮೊಫಿಲಿಯಾ ಬಂತು. ಪುಸ್ತಕದಲ್ಲಿ ಬಾತ ಮೊಣಕಾಲಿನ ಚಿತ್ರವಿತ್ತು. ನೋಡಿದ ಕೂಡಲೇ ಅದು ಯಾರ ಮೊಣಕಾಲು ಎಂದು ನನಗೆ ಗೊತ್ತಾಯಿತು.

ಫೋನು ಮಾಡಿದವರು ಆ ಗೆಳೆಯನ ಅಕ್ಕನ ಅಳಿಯ. ಕಾಯಿಲೆ ಇರುವುದು ಅಕ್ಕನ ಮೊಮ್ಮಗನಿಗೆ. ಹುಡುಗ ಈಗ ಏಳನೆಯ ತರಗತಿಯಲ್ಲಿದ್ದಾನೆ.

ಈ ಕಾಯಿಲೆ ಏನೆಂದು ಮೊದಲು ಹೇಳುತ್ತೇನೆ. ನಮಗೆ ಗಾಯವಾದಾಗ ರಕ್ತ ತಾನೇ ಹೆಪ್ಪುಗಟ್ಟುತ್ತದೆ, ಆದರೆ ಅದು ಒಂದೇ ಏಟಿಗೆ ಆಗುವ ಕೆಲಸವಲ್ಲ. ಸಕ್ಕರೆ ಕಾರ್ಖಾನೆ ನೆನಪಿಸಿಕೊಳ್ಳಿ, ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಕಬ್ಬು ಕ್ಯಾರಿಯರ್‌ಗೆ ಬೀಳಬೇಕು, ಕತ್ತರಿಸಬೇಕು, ಗಾಣಕ್ಕೆ ಹೋಗಬೇಕು, ರಸ ತಿಳಿಯಾಗಬೇಕು, ಕುದಿಯಬೇಕು, ಪಾಕವಾಗಬೇಕು, ಆಮೇಲೆ ಹರಳು. ನಡುವೆ ಒಂದು ವಿಭಾಗ ನಿಂತರೆ ಮುಂದಿನದೆಲ್ಲ ನಿಂತಿತು. ಕಬ್ಬಿಗೆ ಕೊರತೆಯಿಲ್ಲ, ಕೆಲಸಗಾರರಿಗೆ ಕೊರತೆಯಿಲ್ಲ, ಆದರೂ ಸಕ್ಕರೆ ಬರುವುದಿಲ್ಲ. ರಕ್ತದಲ್ಲಿಯೂ ಹೀಗೆ ಒಂದರ ಹಿಂದೆ ಒಂದು ಕೆಲಸ ಮಾಡುವ ಪ್ರೋಟೀನುಗಳಿವೆ. ಅವಕ್ಕೆ ಫ್ಯಾಕ್ಟರ್ ಎನ್ನುತ್ತಾರೆ, ಹೆಸರಿನ ಬದಲು ಅಂಕಿ ಕೊಟ್ಟಿದ್ದಾರೆ. ಎಂಟನೆಯದು ಇಲ್ಲದಿದ್ದರೆ ಹಿಮೊಫಿಲಿಯಾ ಎ, ಒಂಬತ್ತನೆಯದು ಇಲ್ಲದಿದ್ದರೆ ಹಿಮೊಫಿಲಿಯಾ ಬಿ. ಎ ವಿಧ ಸುಮಾರು 5000 ಗಂಡು ಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಬಿ ಇನ್ನೂ ವಿರಳ.

ಜನ ತಪ್ಪು ತಿಳಿಯುವುದು ಇಲ್ಲಿಯೇ. ಕೈ ಕೊಯ್ದುಕೊಂಡರೆ ಇವರು ರಕ್ತ ಸುರಿದು ಸಾಯುತ್ತಾರೆ ಎಂದುಕೊಳ್ಳುತ್ತಾರೆ. ಚರ್ಮದ ಸಣ್ಣ ಗಾಯ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅಪಾಯ ಒಳಗಿದೆ. ಮೊಣಕಾಲು, ಮೊಣಕೈ, ಹರಡುಗಳ ಕೀಲಿನೊಳಗೆ ರಕ್ತ ಜಿನುಗುತ್ತದೆ, ಹೊರಗೆ ಹನಿಯೂ ಕಾಣುವುದಿಲ್ಲ. ಪದೇ ಪದೇ ಹೀಗಾದರೆ ಕೀಲಿನ ಮೃದ್ವಸ್ಥಿ ಸವೆದು ಕಾಲು ಸೊಟ್ಟಗಾಗುತ್ತದೆ. ತಲೆಯೊಳಗೆ ಸ್ರಾವವಾದರೆ ಜೀವಕ್ಕೇ ಕುತ್ತು.

ಇದು ವಂಶದಲ್ಲಿ ಹರಿಯುವ ರೀತಿಯನ್ನು ತಾಯಂದಿರು ಗಮನವಿಟ್ಟು ಕೇಳಬೇಕು. ಈ ಎರಡೂ ಫ್ಯಾಕ್ಟರುಗಳ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ. ಹೆಣ್ಣಿನಲ್ಲಿ ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಕೆಲಸ ನಡೆಸುತ್ತದೆ. ಅವಳು ವಾಹಕಿ. ಅವಳ ಪ್ರತಿ ಗಂಡು ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧ, ಪ್ರತಿ ಹೆಣ್ಣು ಮಗುವೂ ವಾಹಕಿಯಾಗುವ ಸಾಧ್ಯತೆ ಅರ್ಧ. ಕಾಯಿಲೆ ಇರುವ ಗಂಡಸಿನ ಗಂಡು ಮಕ್ಕಳಿಗೆ ಅವನಿಂದ ಇದು ಬರುವುದಿಲ್ಲ, ಹೆಣ್ಣು ಮಕ್ಕಳೆಲ್ಲರೂ ವಾಹಕಿಯರೇ. ನನ್ನ ಗೆಳೆಯನಿಂದ ಅವನ ಅಕ್ಕನ ಮೊಮ್ಮಗನವರೆಗೆ ಇದು ಮೂರು ಹೆಂಗಸರ ಮೂಲಕ, ಯಾರ ಕಣ್ಣಿಗೂ ಬೀಳದೆ ದಾಟಿ ಬಂದಿದೆ. ಹಾಗೆಂದು ‘ನಿನ್ನ ತವರಿನ ಪೀಡೆ’ ಎಂದು ಸೊಸೆಯನ್ನು ಹಂಗಿಸುವವರಿಗೆ ಒಂದು ಮಾತು. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದೆ, ಹೊಸದಾಗಿ ಜೀನ್ ಕೆಟ್ಟು ಈ ಕಾಯಿಲೆ ಬರುತ್ತದೆ. ಅದಕ್ಕೆ ಯಾವ ತವರೂ ಹೊಣೆಯಲ್ಲ.

ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ಮಾವನಿಗೆ ಹಿಮೊಫಿಲಿಯಾ ಇದ್ದು, ಅವನ ಅಕ್ಕನ ಮಗಳು ವಾಹಕಿಯಾಗಿದ್ದು, ಇಬ್ಬರಿಗೂ ಮದುವೆಯಾದರೆ ಹೆಣ್ಣು ಮಕ್ಕಳಿಗೂ ಪೂರ್ತಿ ಕಾಯಿಲೆ ಬರಬಹುದು. ಇನ್ನು ಹದಿಮೂರನೆಯ ಫ್ಯಾಕ್ಟರಿನ ಕೊರತೆ, ಗ್ಲಾನ್ಜ್‌ಮನ್ ಎಂಬ ಪ್ಲೇಟ್ಲೆಟ್ ದೋಷ, ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ತೀವ್ರ ರೂಪ, ಇಂಥವುಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಕೂಸಿನ ಹೊಕ್ಕುಳಬಳ್ಳಿಯ ಗಾಯದಿಂದ ದಿನಗಟ್ಟಲೆ ರಕ್ತ ಜಿನುಗುತ್ತಿದ್ದರೆ ದೃಷ್ಟಿ ತೆಗೆಯುತ್ತ ಕೂಡಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಈಗ ಫೋನಿನ ಪ್ರಶ್ನೆಗೆ ಬರುತ್ತೇನೆ. ಚರ್ಮದಿಂದ ಗುಣ ಮಾಡುವ ಮಾತು ಪೂರ್ತಿ ಸುಳ್ಳೇ? ಅಲ್ಲ. ಅದಕ್ಕಾಗಿಯೇ ಅದು ಅಪಾಯಕಾರಿ. ಪೂರ್ತಿ ಸುಳ್ಳಾಗಿದ್ದರೆ ನಾನು ಫೋನಿನಲ್ಲೇ ಬೈದು ಮುಗಿಸುತ್ತಿದ್ದೆ.

ಹಿಮೊಫಿಲಿಯಾ ಇದ್ದವರಿಗೆ ಕೊರತೆಯಿರುವ ಫ್ಯಾಕ್ಟರನ್ನೇ ಇಂಜೆಕ್ಷನ್ ಆಗಿ ರಕ್ತನಾಳಕ್ಕೆ ಕೊಡುತ್ತಾರೆ. ತೊಂದರೆಯೆಂದರೆ ಅದು ದೇಹದಲ್ಲಿ ಉಳಿಯುವುದಿಲ್ಲ. ಎಂಟನೆಯ ಫ್ಯಾಕ್ಟರ್ ಸುಮಾರು 12 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಸ್ರಾವವಾಗದಂತೆ ಮುಂಚಿತವಾಗಿ ತಡೆಯಬೇಕೆಂದರೆ ವಾರಕ್ಕೆ ಎರಡು ಮೂರು ಸಲ ಸೂಜಿ ಚುಚ್ಚಬೇಕು, ಅದೂ ಜೀವಮಾನವಿಡೀ. ಒಂಬತ್ತನೆಯ ಫ್ಯಾಕ್ಟರಿನ ಜೀನ್ 1982ರಲ್ಲಿ, ಎಂಟನೆಯದರ ಜೀನ್ 1984ರಲ್ಲಿ ವಿಜ್ಞಾನಿಗಳ ಕೈಗೆ ಸಿಕ್ಕಿತು. ಆಗಲೇ ಹುಟ್ಟಿದ ಆಲೋಚನೆ ಇದು: ಫ್ಯಾಕ್ಟರನ್ನು ಮತ್ತೆ ಮತ್ತೆ ಹೊರಗಿನಿಂದ ತುಂಬುವ ಬದಲು, ತಯಾರಿಸುವ ವಿದ್ಯೆಯನ್ನೇ ದೇಹದ ಯಾವುದಾದರೂ ಜೀವಕೋಶಕ್ಕೆ ಕಲಿಸಿಬಿಟ್ಟರೆ?

ಇನ್ನೊಂದು ಅನುಕೂಲವಿತ್ತು. ಇಲ್ಲಿ ನೂರಕ್ಕೆ ನೂರು ಬೇಕಾಗಿಲ್ಲ. ಆರೋಗ್ಯವಂತರ ಮಟ್ಟವನ್ನು ನೂರು ಎಂದು ಹಿಡಿದರೆ, ಒಂದಕ್ಕಿಂತ ಕಡಿಮೆ ಇದ್ದವರದು ತೀವ್ರ ಹಿಮೊಫಿಲಿಯಾ. ಒಂದರಿಂದ ಐದರ ನಡುವೆ ಇದ್ದರೆ ಮಧ್ಯಮ. ಐದು ದಾಟಿದರೆ ಸೌಮ್ಯ, ಕಾರಣವಿಲ್ಲದೆ ಕೀಲು ಬಾಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಸೊನ್ನೆಯಿಂದ ಐದಕ್ಕೆ ಏರಿಸಿದರೂ ಒಂದು ಬದುಕು ಬೇರೆಯಾಗುತ್ತದೆ. ನನ್ನ ಗೆಳೆಯನಿಗೆ ಆ ಐದು ಇದ್ದಿದ್ದರೆ ಅವನು ಕಲ್ಲಿನ ಮೇಲೆ ಕೂತು ಅಂಕ ಬರೆಯುತ್ತಿರಲಿಲ್ಲ.

ಯಾವ ಜೀವಕೋಶಕ್ಕೆ ಕಲಿಸುವುದು ಎಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಚರ್ಮ. ಚರ್ಮ ಎಲ್ಲರಿಗೂ ಕೈಗೆಟಕುವಂಥದ್ದು. ಒಂದು ಚೂರು ತೆಗೆದರೆ ನಷ್ಟವಿಲ್ಲ. ಅದರ ಕೋಶಗಳು ಪ್ರಯೋಗಾಲಯದ ತಟ್ಟೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ತಿರುಗಿ ಕಸಿ ಮಾಡಿದ ಮೇಲೆ ಏನಾದರೂ ಎಡವಟ್ಟಾದರೆ ಆ ಭಾಗವನ್ನು ಕತ್ತರಿಸಿ ತೆಗೆಯಬಹುದು, ಯಕೃತ್ತಿನಲ್ಲಿ ಅದು ಆಗದ ಮಾತು. ಇಲ್ಲಿಯ ರೈತರಿಗೆ ಈ ಕೆಲಸ ಹೊಸದಲ್ಲ. ಒಳ್ಳೆಯ ಕಬ್ಬಿನ ಒಂದೊಂದೇ ಕಣ್ಣು ತೆಗೆದು ಟ್ರೇಯಲ್ಲಿ ಸಸಿ ಮಾಡಿ ಹೊಲಕ್ಕೆ ಹಚ್ಚುತ್ತೀರಿ. ನಮ್ಮೂರಲ್ಲೇ ಸೋಮೈಯಾ ಅವರ ಹೆಸರಿನ ಕೃಷಿ ಸಂಶೋಧನಾ ಸಂಸ್ಥೆ ಇದೆ. ಕಣ್ಣು ನಿಮ್ಮದೇ ಹೊಲದ ಕಬ್ಬಿನದು, ಸಸಿಯೂ ನಿಮ್ಮದೇ, ಮಣ್ಣೂ ನಿಮ್ಮದೇ. ಚರ್ಮದ ಚಿಕಿತ್ಸೆಯಲ್ಲಿ ನಡುವೆ ಇನ್ನೊಂದು ಹೆಜ್ಜೆ ಇದೆ ಅಷ್ಟೆ, ಸಸಿಯಾಗುವ ಹಂತದಲ್ಲಿ ಅದರೊಳಗೆ ಸರಿಯಾದ ಜೀನನ್ನು ಸೇರಿಸುತ್ತಾರೆ. ರೋಗಿಯದೇ ಕೋಶವಾದ್ದರಿಂದ ದೇಹ ಅದನ್ನು ಪರಕೀಯವೆಂದು ತಳ್ಳುವುದಿಲ್ಲ ಎಂಬ ಭರವಸೆ.

ಮನುಷ್ಯರ ಮೇಲೆ ಈ ಪ್ರಯೋಗ ಮೊದಲು ನಡೆದದ್ದು ಅಮೆರಿಕದಲ್ಲಿ ಇರಬೇಕು ಎಂದು ನಾನು ಬಹಳ ದಿನ ತಿಳಿದಿದ್ದೆ. ಅಲ್ಲ, ಚೀನಾದ ಶಾಂಘೈಯಲ್ಲಿ, 1991ರಲ್ಲಿ. ಫುದಾನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಿಮೊಫಿಲಿಯಾ ಬಿ ಇದ್ದ ಇಬ್ಬರು ಅಣ್ಣತಮ್ಮಂದಿರ ಚರ್ಮದಿಂದ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳನ್ನು ತೆಗೆದು, ಒಂಬತ್ತನೆಯ ಫ್ಯಾಕ್ಟರಿನ ಜೀನ್ ಸೇರಿಸಿ, ಬೆಳೆಸಿ, ತಿರುಗಿ ಅವರದೇ ಚರ್ಮದ ಕೆಳಗೆ ಚುಚ್ಚಿದರು. ಫ್ಯಾಕ್ಟರ್ ಸ್ವಲ್ಪ ಏರಿತು. ಆದರೆ ಆರೋಗ್ಯವಂತರ ಮಟ್ಟದ ಹತ್ತಿರಕ್ಕೂ ಬರಲಿಲ್ಲ.

ಚರ್ಮದ ಮೇಲ್ಪದರದ ಕೆರಟಿನೊಸೈಟ್ ಕೋಶಗಳ ಮೇಲೆ ಇಂಗ್ಲೆಂಡಿನಲ್ಲಿ ಕೆಲಸ ನಡೆಯಿತು. ಒಂಬತ್ತನೆಯ ಫ್ಯಾಕ್ಟರಿನ ಜೀನನ್ನು ಹಿಡಿದ ಆಕ್ಸ್‌ಫರ್ಡಿನ ಜಾರ್ಜ್ ಬ್ರೌನ್‌ಲೀ ಅವರೂ ಇದ್ದ ತಂಡ 1993ರಲ್ಲಿ ಅಂಥ ಕೋಶಗಳನ್ನು ಇಲಿಗಳಿಗೆ ಕಸಿ ಮಾಡಿ, ಇಲಿಯ ರಕ್ತದಲ್ಲಿ ಮನುಷ್ಯರ ಫ್ಯಾಕ್ಟರ್ ಕಾಣಿಸಿಕೊಂಡಿತೆಂದು ವರದಿ ಮಾಡಿತು. ಕಾಣಿಸಿತು, ಕೆಲವು ದಿನಗಳಲ್ಲಿ ಮರೆಯಾಯಿತು. 2000ದಲ್ಲಿ ಅಮೆರಿಕದವರು ಎಂಟನೆಯ ಫ್ಯಾಕ್ಟರನ್ನು ತಯಾರಿಸುವ ಚರ್ಮವನ್ನು ಹಿಮೊಫಿಲಿಯಾ ಇದ್ದ ಇಲಿಗಳಿಗೆ ಹಚ್ಚಿದಾಗ ಆ ಇಲಿಗಳ ರಕ್ತ ಹೆಪ್ಪುಗಟ್ಟುವುದು ಸುಧಾರಿಸಿತು. ಮೊಬೈಲಿನಲ್ಲಿ ಬಂದ ಸಂದೇಶದ ಬೇರು ಇಂಥ ಕಡೆಯೇ ಇದೆ. ಸಂದೇಶ ಬರೆದವನು ಇಲಿ ಎಂಬ ಶಬ್ದವನ್ನು ಬಿಟ್ಟಿದ್ದಾನೆ.

ಬಾಸ್ಟನ್ ನಗರದಲ್ಲಿ ನಡೆದ ಪ್ರಯೋಗ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. 2001ರಲ್ಲಿ ಅದರ ವರದಿ ಬಂತು. ತೀವ್ರ ಹಿಮೊಫಿಲಿಯಾ ಎ ಇದ್ದ ಆರು ಜನ. ಅವರ ಚರ್ಮದ ಚೂರಿನಿಂದ ಕೋಶಗಳನ್ನು ತೆಗೆದು, ವೈರಸ್ಸಿನ ಸಹಾಯವಿಲ್ಲದೆ ವಿದ್ಯುತ್ತಿನ ಸಣ್ಣ ಆಘಾತದಿಂದ ಎಂಟನೆಯ ಫ್ಯಾಕ್ಟರಿನ ಜೀನನ್ನು ಒಳಗೆ ತೂರಿಸಿದರು. ಕೆಲಸ ಮಾಡುವ ಕೋಶಗಳನ್ನು ಮಾತ್ರ ಆರಿಸಿ ಬೆಳೆಸಿದರು. ಹತ್ತು ಕೋಟಿಯಿಂದ ನಲವತ್ತು ಕೋಟಿ ಕೋಶಗಳನ್ನು ಹೊಟ್ಟೆಯೊಳಗಿನ ಕೊಬ್ಬಿನ ಪದರಕ್ಕೆ ದುರ್ಬೀನಿನ ಮೂಲಕ ಸೇರಿಸಿದರು. ಗಂಭೀರ ತೊಂದರೆ ಯಾರಿಗೂ ಆಗಲಿಲ್ಲ. ಆರರಲ್ಲಿ ನಾಲ್ವರ ಫ್ಯಾಕ್ಟರ್ ಮಟ್ಟ ಮೊದಲಿಗಿಂತ ಏರಿತು. ಎಲ್ಲಕ್ಕಿಂತ ಹೆಚ್ಚು ಏರಿದವನಲ್ಲಿ ಸ್ರಾವಗಳೂ ಕಡಿಮೆಯಾದವು. ಸುಮಾರು ಹತ್ತು ತಿಂಗಳು. ಆಮೇಲೆ ಮತ್ತೆ ಮೊದಲಿನಂತೆ.

ಆ ಹತ್ತು ತಿಂಗಳ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹುಟ್ಟಿನಿಂದ ಮೊಣಕಾಲನ್ನು ಹೆದರಿಕೆಯಿಂದಲೇ ನೋಡಿದ ಮನುಷ್ಯನೊಬ್ಬ ಒಂದು ಸುಗ್ಗಿಯಷ್ಟು ಕಾಲ ಮರೆತು ನಡೆದಿರಬೇಕು.

ಯಾಕೆ ನಿಲ್ಲಲಿಲ್ಲ? ಕಾರಣಗಳು ಹಲವು. ಎಂಟನೆಯ ಫ್ಯಾಕ್ಟರ್ ಗಾತ್ರದಲ್ಲಿ ಬಹಳ ದೊಡ್ಡ ಪ್ರೋಟೀನು. ಅದನ್ನು ತಯಾರಿಸುವುದು ಚರ್ಮದ ಕೋಶದ ಕುಲಕಸುಬಲ್ಲ. ತಯಾರಾದದ್ದು ರಕ್ತಕ್ಕೆ ಸೇರಬೇಕು. ಹೊರಗಿನಿಂದ ಬಂದ ಜೀನನ್ನು ಕೋಶ ಕ್ರಮೇಣ ಸುಮ್ಮನಾಗಿಸಿಬಿಡುತ್ತದೆ. ಚರ್ಮದ ಮೇಲ್ಪದರವಂತೂ ಸುಮಾರು ತಿಂಗಳಿಗೊಮ್ಮೆ ಪೂರ್ತಿ ಉದುರಿ ಹೊಸದಾಗುತ್ತದೆ. ಕುಳೆ ಒಡೆಯುವ ಬೇರಿಗೇ ಜೀನ್ ಸೇರದಿದ್ದರೆ ಮೇಲಿನ ಬೆಳೆ ಒಂದು ಕಟಾವಿಗೆ ಮುಗಿಯಿತು.

ಚರ್ಮದ ದಾರಿ ಮುಚ್ಚಿಹೋಗಿದೆ ಎಂದು ಮಾತ್ರ ಹೇಳಲಾರೆ. 2015ರಲ್ಲಿ ಜರ್ಮನಿಯ ಬೋಖುಮ್ ಊರಿನ ಆಸ್ಪತ್ರೆಗೆ ಸಿರಿಯಾದಿಂದ ಬಂದ ಕುಟುಂಬದ ಏಳು ವರ್ಷದ ಹುಡುಗನೊಬ್ಬನನ್ನು ತಂದರು. ಮುಟ್ಟಿದರೆ ಚರ್ಮ ಕಳಚುವ ಬೇರೊಂದು ವಂಶವಾಹಿ ಕಾಯಿಲೆ. ಮೈಮೇಲಿನ ಬಹುಪಾಲು ಚರ್ಮ ಹೋಗಿತ್ತು. ಇಟಲಿಯ ಮೊದೆನಾದ ಮಿಕೆಲೆ ದೆ ಲೂಕಾ ಅವರ ತಂಡ ಉಳಿದಿದ್ದ ಒಳ್ಳೆಯ ಚರ್ಮದಿಂದ ಅಂಚೆಚೀಟಿಯಷ್ಟು ಚೂರು ತೆಗೆದು, ಜೀನ್ ಸರಿಪಡಿಸಿ, ಹಾಳೆ ಹಾಳೆಯಾಗಿ ಬೆಳೆಸಿಕೊಟ್ಟಿತು. ಅವನ ಮೈಯ ಸುಮಾರು ನೂರಕ್ಕೆ ಎಂಬತ್ತು ಭಾಗಕ್ಕೆ ಹೊಸ ಚರ್ಮ ಹೊದಿಸಿದರು. ಹುಡುಗ ಮತ್ತೆ ಶಾಲೆಗೆ ಹೋದ. 2017ರಲ್ಲಿ ಬಂದ ವರದಿಯಲ್ಲಿ ಇನ್ನೊಂದು ವಿಷಯ ತಿಳಿಯಿತು: ಇಡೀ ಚರ್ಮವನ್ನು ಹೊಸದಾಗಿಸುತ್ತ ಇರುವವು ಕೆಲವೇ ಕೆಲವು ಮೂಲಕೋಶಗಳು. ಅವುಗಳಿಗೆ ಜೀನ್ ಸೇರಿದರೆ ಉಳಿಯುತ್ತದೆ. ಕುಳೆಯ ಬೇರು ಸಿಕ್ಕಿತು ಎಂದೇ ಇದರ ಅರ್ಥ. ಆದರೆ ಚರ್ಮದ ಕಾಯಿಲೆಗೆ ಚರ್ಮ ಬೆಳೆಸುವುದು ಬೇರೆ, ರಕ್ತದ ಕಾಯಿಲೆಗೆ ಚರ್ಮದಿಂದ ಔಷಧ ತೆಗೆಸುವುದು ಬೇರೆ. ಇವತ್ತಿನವರೆಗೆ ಹಿಮೊಫಿಲಿಯಾಕ್ಕೆ ಚರ್ಮದ ಜೀನ್ ಚಿಕಿತ್ಸೆಯನ್ನು ಚಿಕಿತ್ಸೆಯೆಂದು ಕೊಡುವ ಆಸ್ಪತ್ರೆ ಲೋಕದಲ್ಲಿ ಎಲ್ಲಿಯೂ ಇಲ್ಲ. ಇದು ನನ್ನ ಮೊದಲ ಉತ್ತರ.

ಬೇರೆ ದಾರಿಯಿಂದ ಜೀನ್ ಚಿಕಿತ್ಸೆ ಬಂದಿದೆ, ಅದನ್ನೂ ಮುಚ್ಚಿಡಬಾರದು. ನಿರುಪದ್ರವಿ ವೈರಸ್ಸಿನಲ್ಲಿ ಜೀನ್ ಇಟ್ಟು ಯಕೃತ್ತಿಗೆ ಕಳಿಸುತ್ತಾರೆ. ಹಿಮೊಫಿಲಿಯಾ ಎ ರೋಗಕ್ಕೆ ರಾಕ್ಟೇವಿಯನ್ ಎಂಬುದಕ್ಕೆ ಯುರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಬಿ ರೋಗಕ್ಕೆ ಹೆಮ್‌ಜೆನಿಕ್ಸ್, 2022. ಬೆಲೆ ಕೇಳಿ: 2022ರಲ್ಲಿ ಹೆಮ್‌ಜೆನಿಕ್ಸ್ ಒಂದು ಡೋಸಿಗೆ 35 ಲಕ್ಷ ಡಾಲರ್ ಇತ್ತು. ನಮ್ಮ ರೂಪಾಯಿಯಲ್ಲಿ ಇಪ್ಪತ್ತೆಂಟು ಕೋಟಿಗೂ ಹೆಚ್ಚು. ಎರಡು ಎಕರೆಯಲ್ಲ, ಊರಿನ ಸೀಮೆಯನ್ನೇ ಮಾರಬೇಕು. ಅದನ್ನೂ ದೊಡ್ಡವರಿಗೆ ಮಾತ್ರ ಕೊಡುತ್ತಾರೆ, ಮಕ್ಕಳಿಗೆ ಕೊಡುವುದಿಲ್ಲ. ಎ ವಿಧದಲ್ಲಿ ವರ್ಷಗಳು ಕಳೆದಂತೆ ಪರಿಣಾಮ ಇಳಿಯುವುದೂ ಕಂಡಿದೆ.

ನಮಗೆ ಹೆಚ್ಚು ಹತ್ತಿರದ ಸುದ್ದಿ ವೆಲ್ಲೂರಿನದು. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆವರಣದಲ್ಲಿ ಒಂದು ಮೂಲಕೋಶ ಸಂಶೋಧನಾ ಕೇಂದ್ರವಿದೆ. ಅದು ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕ. ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸಿದ ಪ್ರಯೋಗದ ವರದಿ 2024ರ ಡಿಸೆಂಬರಿನಲ್ಲಿ ಬಂತು. ತೀವ್ರ ಹಿಮೊಫಿಲಿಯಾ ಎ ಇದ್ದ ಐವರು, 22ರಿಂದ 41 ವರ್ಷದವರು. ಇವರು ಆರಿಸಿಕೊಂಡದ್ದು ಚರ್ಮವನ್ನಲ್ಲ, ರಕ್ತವನ್ನೇ ಹುಟ್ಟಿಸುವ ಮೂಲಕೋಶಗಳನ್ನು. ಆದರೆ ವಿಧಾನ ಅದೇ: ರೋಗಿಯ ಕೋಶ ಹೊರತೆಗೆದು, ಜೀನ್ ಸೇರಿಸಿ, ಅವನಿಗೇ ಹಿಂದಿರುಗಿಸುವುದು. ಶಾಂಘೈಯಲ್ಲಿ 1991ರಲ್ಲಿ ಚರ್ಮದಲ್ಲಿ ಮಾಡಿ ನೋಡಿದ ದಾರಿ ಇಲ್ಲಿ ಬೇರುಮಟ್ಟದ ಕೋಶದಲ್ಲಿ ಫಲ ಕೊಟ್ಟಿದೆ. ಐವರದೂ ಸೇರಿ 81 ತಿಂಗಳ ಅವಧಿಯಲ್ಲಿ ಸ್ರಾವಗಳ ಲೆಕ್ಕ ಸೊನ್ನೆ.

ಇದನ್ನು ಓದಿದ ದಿನ ನಾನು ಲ್ಯಾಬಿನಿಂದ ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಆದರೂ ಐದು ಜನ ಎಂದರೆ ಐದೇ ಜನ. ಹೊಸ ಕೋಶಗಳಿಗೆ ಜಾಗ ಮಾಡಲು ಮೊದಲು ಕ್ಯಾನ್ಸರಿಗೆ ಕೊಡುವಂಥ ಔಷಧ ಕೊಡಬೇಕಾಗುತ್ತದೆ, ಅದರ ಅಪಾಯ ಅದಕ್ಕಿದೆ. ಏಳನೆಯ ತರಗತಿಯ ಹುಡುಗನಿಗೆ ನಾಳೆ ಬೆಳಗ್ಗೆ ಸಿಗುವ ಚಿಕಿತ್ಸೆ ಇದಲ್ಲ. ಇನ್ನಷ್ಟು ರೋಗಿಗಳಲ್ಲಿ, ಇನ್ನಷ್ಟು ವರ್ಷ ನೋಡಬೇಕು.

ಹಾಗಾದರೆ ಹದಿನೆಂಟು ಲಕ್ಷ ಕೇಳಿದವರು ಯಾರು? ನಾನೇ ಆ ಸಂಖ್ಯೆಗೆ ಫೋನು ಮಾಡಿದೆ. ದೂರದ ಊರಿನ ದಲ್ಲಾಳಿ. ‘ಸ್ಟೆಮ್ ಸೆಲ್, ಜೀನ್, ಎಲ್ಲಾ ಇದೆ, ಅರ್ಧ ಮುಂಗಡ ಕಳಿಸಿ’ ಎಂದ. ಪ್ರಯೋಗದ ನೋಂದಣಿ ಸಂಖ್ಯೆ ಕೊಡಿ ಎಂದೆ. ಫೋನು ಇಟ್ಟ. ಗೆಳೆಯರೇ, ಈ ಎರಡು ಮಾತು ನೆನಪಿರಲಿ. ನಮ್ಮ ದೇಶದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧ ಪ್ರಯೋಗವೆಲ್ಲ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಗಳು ಮೂಲಕೋಶಗಳಿಗೆ 2017ರಲ್ಲಿ, ಜೀನ್ ಚಿಕಿತ್ಸೆಗೆ 2019ರಲ್ಲಿ ಬಂದಿವೆ. ಪ್ರಯೋಗದ ಹಂತದ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳುವಂತಿಲ್ಲ. ಕೇಳಿದರೆ ಅದು ಪ್ರಯೋಗವಲ್ಲ, ವ್ಯಾಪಾರ.

ಆ ತಂದೆಗೆ ನಾನು ಹೇಳಿದ್ದು ಇಷ್ಟು. ಹೊಲ ಮಾರಬೇಡಿ. ಜೀನ್ ಚಿಕಿತ್ಸೆ ಇವತ್ತಲ್ಲ ನಾಳೆ ಬರುತ್ತದೆ, ಚರ್ಮದಿಂದಲೋ ಮಜ್ಜೆಯಿಂದಲೋ ಯಕೃತ್ತಿನಿಂದಲೋ. ಆದರೆ ಅದು ಬರುವ ದಿನ ಹುಡುಗನ ಮೊಣಕಾಲು ನೆಟ್ಟಗಿರಬೇಕು. ಸವೆದ ಕೀಲನ್ನು ಯಾವ ಜೀನೂ ತಿರುಗಿ ಕಟ್ಟಿಕೊಡುವುದಿಲ್ಲ.

ಅದಕ್ಕೆ ಬೇಕಾದದ್ದು ಈಗಲೇ ಇದೆ, ಹೊಲದ ಬೆಲೆಗಲ್ಲ. ನಮ್ಮ ರಾಜ್ಯದ ಸರಕಾರಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಫ್ಯಾಕ್ಟರ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹೆಸರು ನೋಂದಾಯಿಸಬೇಕು. ಕೀಲಿನಲ್ಲಿ ಬಿಸಿ, ಚುಳುಚುಳು ಅನ್ನಿಸಿದ ಕೂಡಲೇ, ಬಾಯುವುದನ್ನು ಕಾಯದೆ, ಆದಷ್ಟು ಬೇಗ ಫ್ಯಾಕ್ಟರ್ ತಗೊಳ್ಳಬೇಕು. ಅಷ್ಟರೊಳಗೆ ಕಾಲು ಎತ್ತಿ ಮಲಗಿಸಿ ಮಂಜುಗಡ್ಡೆ ಇಡಿ. ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಬರೆ ಹಾಕುವುದು ಖಂಡಿತ ಬೇಡ. ಆಸ್ಪಿರಿನ್ ಬೇಡ. ಸ್ನಾಯುವಿಗೆ ಸೂಜಿ ಚುಚ್ಚುವ ಮೊದಲು, ಹಲ್ಲು ಕೀಳುವ ಮೊದಲು, ಕಾಯಿಲೆಯ ವಿಷಯ ವೈದ್ಯರಿಗೆ ಹೇಳಬೇಕು. ತಲೆಗೆ ಪೆಟ್ಟಾದರೆ ಫ್ಯಾಕ್ಟರ್ ಮೊದಲು, ಸ್ಕ್ಯಾನ್ ಆಮೇಲೆ. ಚರ್ಮದ ಕೆಳಗೆ ಚುಚ್ಚುವ ಎಮಿಸಿಜುಮಾಬ್ ಎಂಬ ಹೊಸ ಔಷಧವೂ ಎ ವಿಧದವರಿಗೆ ಬಂದಿದೆ. ವಾರಕ್ಕೋ ತಿಂಗಳಿಗೋ ಒಂದು ಸೂಜಿ ಸಾಕು. ಕೇರಳ ಸರಕಾರ 2024ರಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ಅದನ್ನು ಉಚಿತವಾಗಿ ಕೊಡಲು ತೀರ್ಮಾನಿಸಿತು. ನಮ್ಮ ಮಕ್ಕಳಿಗೂ ಅದನ್ನೇ ಕೇಳುವ ಹಕ್ಕು ನಮಗಿದೆ. ಇಲ್ಲಿ ಕೂತಿರುವ ಜನಪ್ರತಿನಿಧಿಗಳು ಕೇಳಿಸಿಕೊಂಡಿದ್ದಾರೆ ಎಂದುಕೊಳ್ಳುತ್ತೇನೆ.

ದಾವಣಗೆರೆಯಲ್ಲಿ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ ಹನಗವಾಡಿಯವರು ಸ್ವತಃ ಹಿಮೊಫಿಲಿಯಾ ಇರುವವರು, ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರು. ಈ ಕಾಯಿಲೆ ಇಟ್ಟುಕೊಂಡು ಡಾಕ್ಟರ್ ಆಗಬಹುದು ಎಂದು ಆ ಹುಡುಗನಿಗೆ ಹೇಳಿದಾಗ ಅವನು ನನ್ನ ಮುಖವನ್ನು ನಂಬದೆ ನೋಡಿದ. ಮುಂದಿನ ತಿಂಗಳು ತಂದೆ ಮಗ ಇಬ್ಬರೂ ದಾವಣಗೆರೆಗೆ ಹೋಗುತ್ತಾರೆ. ತಾಯಿ ಮತ್ತು ತಂಗಿಯ ವಾಹಕ ಪರೀಕ್ಷೆಯ ಬಗ್ಗೆಯೂ ಅಲ್ಲಿ ಕೇಳಿಕೊಂಡು ಬರುತ್ತಾರೆ.

ಕೊನೆಯದಾಗಿ ಗುರುಗಳಲ್ಲಿ ಒಂದು ಅರಿಕೆ. ಆ ಹುಡುಗ ಬರುವ ಜೂನಿನಲ್ಲಿ ಎಂಟನೆಯ ತರಗತಿಗೆ ಇದೇ ಶಾಲೆಗೆ ಬರುತ್ತಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿದ 21 ಬಗೆಯ ನ್ಯೂನತೆಗಳಲ್ಲಿ ಹಿಮೊಫಿಲಿಯಾ ಸೇರಿದೆ. ಆದ್ದರಿಂದ ಅವನ ಗೈರುಹಾಜರಿಯನ್ನು ಸೋಮಾರಿತನವೆಂದು ಬರೆಯಬೇಡಿ. ಅವನನ್ನು ಕಲ್ಲಿನ ಮೇಲೂ ಕೂರಿಸಬೇಡಿ. ಕಬಡ್ಡಿ ಬೇಡ, ಆದರೆ ನಡಿಗೆ, ಈಜು, ವ್ಯಾಯಾಮ ಅವನ ಸ್ನಾಯುಗಳಿಗೆ ಬೇಕೇ ಬೇಕು. ಬಲವಾದ ತೊಡೆ ಮೊಣಕಾಲನ್ನು ಕಾಯುತ್ತದೆ. ಯಾರಾದರೂ ಅವನಿಗೆ ಅಡ್ಡಹೆಸರು ಇಟ್ಟರೆ, ಇಟ್ಟವನನ್ನು ನನ್ನ ಹತ್ತಿರ ಕಳಿಸಿ.

ಫ್ಯಾಕ್ಟರಿನ ಸೀಸೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕಾಗುತ್ತದೆ. ನಮ್ಮ ಬ್ಯಾಚಿನವರು ಕೂಡಿಕೊಂಡು ಶಾಲೆಯ ಆಫೀಸಿಗೆ ಒಂದು ಸಣ್ಣ ಫ್ರಿಜ್ ಕೊಡುತ್ತಿದ್ದೇವೆ. ಇವತ್ತು ಸಂಜೆ ಬರುತ್ತದೆ. ದಯವಿಟ್ಟು ಅದರಲ್ಲಿ ಸ್ಟಾಫ್ ರೂಮಿನ ಚಹಾದ ಹಾಲು ಇಡಬೇಡಿ.